ಬೆರಳಿನ ಶಾಯಿ

2018ರ ಆಗಸ್ಟ್ 31, ಶುಕ್ರವಾರ. ಶಿವಮೊಗ್ಗ ಮಹಾನಗರಪಾಲಿಕೆಯ ಮತದಾನಕ್ಕೆಂದು ದೊರೆತ ರಜೆ. ಶನಿವಾರಕ್ಕೂ ಒಂದು ರಜೆಯ ಅರ್ಜಿ ಬರೆದುಕೊಟ್ಟು, ಬೆಳಗಿನ ಬಸ್ಸಿಗೇ ಹೊಳಲೂರಿಗೆ ಹೊರಟುಬಿಟ್ಟೆ.

ಕಾಫಿ ತಂದಿಟ್ಟ ಸೋದರತ್ತೆ ನನ್ನ ಕೈಯನ್ನೇ ದಿಟ್ಟಿಸಿದರು. "ಶಾಯಿ ಎಲ್ಲೋ?"

"ನನ್ನದೊಂದು ಓಟಿನಿಂದ ಏನಾದೀತು, ಅತ್ತೆ?" ತರಗತಿಯಲ್ಲಿ ಪ್ರಜಾಪ್ರಭುತ್ವದ ಮೇಲೆ ಪ್ರಬಂಧ ಬರೆಸುವವನ ಮಾತಿದು!

"ಪಂಚಾಯ್ತಿಯಲ್ಲಿ ಒಂದೆರಡು ಓಟಿನಲ್ಲೇ ಸೋಲು ಗೆಲುವು. ಸಮಸಮ ಬಂದರೆ ಚೀಟಿ ಎತ್ತುತ್ತಾರೆ. ನಿಮ್ಮ ಬೀದಿಯ ಚರಂಡಿಯನ್ನೂ ಚೀಟಿಗೇ ಬಿಟ್ಟುಬಂದೆಯಾ?"

ಅಂಕಿಗಳೂ ಅತ್ತೆಯ ಕಡೆಗೇ ಇವೆ. 2020ರ ಡಿಸೆಂಬರಿನ ಗ್ರಾಮಪಂಚಾಯಿತಿ ಚುನಾವಣೆಯಲ್ಲಿ ರಾಜ್ಯದ ಹಳ್ಳಿಗರು ನೂರಕ್ಕೆ 80ಕ್ಕೂ ಮಿಕ್ಕು ಮತ ನೀಡಿದರು. 2015ರಲ್ಲಿ ಬೆಂಗಳೂರಿನ ಮಹಾನಗರಪಾಲಿಕೆಗೆ ಮತವಿತ್ತವರು ನೂರಕ್ಕೆ 50 ಮಂದಿಯೂ ಇಲ್ಲ. ವಿದ್ಯಾವಂತರ ನಗರವೆಂಬ ಹೆಮ್ಮೆ ಬೇರೆ! ಹಳ್ಳಿಯಲ್ಲಿ ಅಭ್ಯರ್ಥಿಯು ಬೆಳಗೆದ್ದರೆ ಬಾಗಿಲಲ್ಲೇ ಸಿಗುವ ಮನುಷ್ಯ. ನನಗಾದರೋ ನನ್ನ ವಾರ್ಡಿನ ಉಮೇದುವಾರರ ಹೆಸರೇ ಅಂದು ತಿಳಿದಿರಲಿಲ್ಲ. ಆ ಅಜ್ಞಾನವನ್ನೇ ನಿರ್ಲಿಪ್ತತೆಯೆಂದು ಭಾವಿಸಿದ್ದೆ.

ಅತ್ತೆ ಅಂದು ಊಟಕ್ಕೆ ನಿಲ್ಲೆನ್ನಲಿಲ್ಲ. ಮೊಸರನ್ನದ ಬುತ್ತಿ ಕಟ್ಟಿ, ಶಿವಮೊಗ್ಗದ ಬಸ್ಸು ಬರುವ ತನಕ ರಸ್ತೆಯಲ್ಲೇ ನಿಂತಿದ್ದರು.