ಮಳೆಗಾಲಕ್ಕೂ ಕಪ್ಪು ಶೂ ಯಾಕ್ರೀ? (ಕಾಲಿನ ಕಥೆ, ಭಾಗ 6)

ಮೊದಲ ಫೋಟೋದಲ್ಲಿರೋದು ನನ್ನ ಕಾಲಲ್ಲ. ಕ್ಲಾಸ್‌ಮೇಟ್ ಒಬ್ಬನದು, ಅವನನ್ನ ಕೇಳಿಯೇ ಹಾಕಿದ್ದು. ಕಿರುಬೆರಳಿನ ಸಂದಿ ನೋಡಿ: ಚರ್ಮ ಬೆಳ್ಳಗೆ ನೆನೆದು ಸೀಳಿದೆ. ನಮ್ಮ ಕಡೆ ಕೆಸರುಹುಣ್ಣು ಅಂತಾರೆ. ಗದ್ದೆ ನಾಟಿ ಮಾಡೋರಿಗೆ ಬರೋದು. ಇವನು ಗದ್ದೆಗೆ ಇಳಿದೇ ಇಲ್ಲ. ಇವನ ಗದ್ದೆ ಇರೋದು ಶೂ ಒಳಗೆ.

ಮಲೆನಾಡಿನ ಜುಲೈ ಗೊತ್ತಲ್ಲ. ಬಸ್‌ಸ್ಟಾಪ್ ಮುಟ್ಟೋಷ್ಟರಲ್ಲಿ ಸಾಕ್ಸ್ ಒದ್ದೆ. ಆಮೇಲೆ ಸಂಜೆವರೆಗೂ ಅದೇ ಸಾಕ್ಸು, ಅದರ ಮೇಲೆ ಗಾಳಿಯಾಡದ ರೆಕ್ಸಿನ್ ಶೂ. ಬೆಚ್ಚಗೂ ಇದೆ, ಒದ್ದೆಯೂ ಇದೆ. ಫಂಗಸ್‌ಗೆ ಇನ್ನೇನು ಬೇಕು? ನಾವೇ ದಿನಕ್ಕೆ ಏಳೆಂಟು ಗಂಟೆ ಪಿಜಿ ಕೊಟ್ಟಂಗೆ. ಸರ್ಕಾರಿ ಶಾಲೆಯಲ್ಲಿ ವರ್ಷಕ್ಕೆ ಒಂದು ಜೊತೆ ಕಪ್ಪು ಶೂ, ಎರಡು ಜೊತೆ ಬಿಳಿ ಸಾಕ್ಸ್ ಕೊಡ್ತಾರೆ. ಒಳ್ಳೆಯದೇ, ಬರಿಗಾಲಲ್ಲಿ ಬರ್ತಿದ್ದ ಎಷ್ಟೋ ಮಕ್ಕಳಿಗೆ ಅದೇ ಮೊದಲ ಶೂ. ಆದ್ರೆ ವಾರಕ್ಕೆ ಆರು ದಿನ ಶಾಲೆ, ಸಾಕ್ಸ್ ಎರಡೇ ಜೊತೆ, ಬಿಸಿಲು ಸೊನ್ನೆ. ಬಚ್ಚಲ ಒಲೆ ಮೇಲೆ ಒಣಗಿಸಿದ ಸಾಕ್ಸಿನ ಹೊಗೆ ವಾಸನೆ ಗೊತ್ತಿರೋರು ಕೈ ಎತ್ತಿ 🙋

ಹಂಗಾಗಿ ನನ್ನ ಮಾತು ನೇರ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡು, ಕರಾವಳಿಯ ಶಾಲೆ ಕಾಲೇಜುಗಳಲ್ಲಿ ಶೂ ಕಡ್ಡಾಯ ಮಾಡಬಾರದು. ಹಿಂದೆ ಪಟ್ಟಿ ಇರೋ, ನೀರು ಹರಿದುಹೋಗೋ ಸ್ಯಾಂಡಲ್ ಸಾಕು. ಹವಾಯಿ ಚಪ್ಪಲಿ ಕೇಳ್ತಿಲ್ಲ, ಅದು ಪಾಚಿಗಟ್ಟಿದ ಮೆಟ್ಟಿಲ ಮೇಲೆ ಜಾರುತ್ತೆ. ಬರಿಗಾಲಂತೂ ಬೇಡವೇ ಬೇಡ, ಒದ್ದೆ ಮಣ್ಣಲ್ಲಿ ಕೊಕ್ಕೆಹುಳದ ಮರಿ ಪಾದದ ಚರ್ಮದಿಂದಲೇ ಒಳಗೆ ಹೋಗುತ್ತೆ.

"ಶಿಸ್ತು" ಅಂತಾರೆ. ಎಲ್ಲರಿಗೂ ಒಂದೇ ಕಪ್ಪು ಸ್ಯಾಂಡಲ್ ಅಂತ ರೂಲ್ ಮಾಡಿ, ಶಿಸ್ತು ಎಲ್ಲಿ ಹೋಯ್ತು? ನೀಟ್ ಪರೀಕ್ಷೆಯ ಡ್ರೆಸ್ ಕೋಡ್ ಓದಿ. ಶೂ ಹಾಕ್ಕೊಂಡು ಬರಬೇಡಿ, ಹೀಲ್ ಕಡಿಮೆ ಇರೋ ಚಪ್ಪಲಿ ಸ್ಯಾಂಡಲ್ ಆಗಬಹುದು ಅಂತಿದೆ. ಅದು ಕಾಪಿ ತಡೆಯೋಕೆ ಮಾಡಿದ ರೂಲ್, ನಮ್ಮ ಕಾಲಿನ ಮೇಲಿನ ಪ್ರೀತಿಗಲ್ಲ, ಒಪ್ತೀನಿ. ಆದ್ರೂ ಡಾಕ್ಟರ್ ಆಗೋ ಪರೀಕ್ಷೆಯನ್ನೇ ಚಪ್ಪಲಿಯಲ್ಲಿ ಬರೀಬಹುದು, ಸೋಮವಾರದ ಪ್ರೇಯರ್‌ಗೆ ಮಾತ್ರ ಆಗಲ್ವಂತೆ.

ಬರೀ ತುರಿಕೆ ತಾನೇ ಅನ್ನೋರಿಗೆ: ಆ ಸೀಳಿದ ಚರ್ಮದಿಂದ ಬ್ಯಾಕ್ಟೀರಿಯಾ ಒಳಗೆ ಹೋದ್ರೆ ಕಾಲು ಕೆಂಪಾಗಿ ಊದಿಕೊಂಡು ಜ್ವರ ಬರುತ್ತೆ. ಮನೆಯಲ್ಲಿ ಶುಗರ್ ಇರೋ ಅಜ್ಜಿ ಇದ್ದಾರಾ? ನಿಮ್ಮ ಟವಲ್, ನಿಮ್ಮ ಬಚ್ಚಲ ಚಪ್ಪಲಿಯಿಂದ ಈ ಫಂಗಸ್ ಅವರಿಗೂ ಹೋಗಬಹುದು. ಅವರ ಕಾಲಿನ ಗಾಯ ನಮ್ಮದರ ಹಾಗೆ ಬೇಗ ಮಾಯಲ್ಲ.

ರೂಲ್ ಬದಲಾಗೋವರೆಗೆ ಏನ್ ಮಾಡೋದು? ಬ್ಯಾಗಲ್ಲಿ ಇನ್ನೊಂದು ಜೊತೆ ಒಣ ಸಾಕ್ಸ್ ಇಡಿ, ಕಾಲೇಜು ಮುಟ್ಟಿದ ತಕ್ಷಣ ಬದಲಿಸಿ. ಮನೆಗೆ ಬಂದು ಕಾಲು ತೊಳೆದ್ರೆ ಸಾಲದು, ಬೆರಳ ಸಂದಿ ಒರೆಸಬೇಕು. ನಾವೆಲ್ಲ ಬಿಡೋದು ಇದನ್ನೇ. ರಾತ್ರಿ ಶೂ ಒಳಗೆ ನ್ಯೂಸ್‌ಪೇಪರ್ ತುರುಕಿಡಿ, ನೀರು ಹೀರುತ್ತೆ. ಇನ್ನೊಂದು, ನಗಬೇಡಿ: ಕಾಲಲ್ಲಿ ಫಂಗಸ್ ಇದ್ರೆ ಮೊದಲು ಸಾಕ್ಸ್, ಆಮೇಲೆ ಚಡ್ಡಿ ಹಾಕ್ಕೊಳ್ಳಿ. ಉಲ್ಟಾ ಮಾಡಿದ್ರೆ ಪಾದದ ಫಂಗಸ್ ಬಟ್ಟೆಗೆ ಅಂಟಿಕೊಂಡು ತೊಡೆಸಂದಿಗೆ ಹೋಗುತ್ತೆ. ಹುಡುಗರು ಯಾರಿಗೂ ಹೇಳದೆ ಕೆರ್ಕೊಂಡು ಓಡಾಡೋ ಆ ತುರಿಕೆ ಎಷ್ಟೋ ಸಲ ಹೀಗೇ ಶುರುವಾಗೋದು.

ಮೆಡಿಕಲ್‌ನಲ್ಲಿ "ತುರಿಕೆಗೆ ಏನಾದ್ರೂ ಕೊಡಿ" ಅನ್ನಬೇಡಿ, ಪ್ಲೀಸ್. ಸ್ಟಿರಾಯ್ಡ್ ಬೆರೆತ ಕ್ರೀಮ್ ಸಿಕ್ಕಿದ್ರೆ ಎರಡು ದಿನ ಆರಾಮ, ಆಮೇಲೆ ಫಂಗಸ್ ಇನ್ನೂ ಹರಡುತ್ತೆ. ಡಾಕ್ಟರಿಗೆ ತೋರಿಸಿ, ಅವರು ಹೇಳಿದಷ್ಟು ದಿನ ಹಚ್ಚಿ. ತುರಿಕೆ ನಿಂತ ದಿನವೇ ಟ್ಯೂಬ್ ಮೂಲೆಗೆ ಎಸೀಬೇಡಿ.

ಸ್ಯಾಂಡಲ್‌ಗೆ ಅನುಮತಿ ಕೇಳೋ ಪತ್ರದ ಡ್ರಾಫ್ಟ್ ಕೊನೆಯ ಸ್ಲೈಡ್‌ನಲ್ಲಿದೆ. ನಮ್ಮ ಕ್ಲಾಸಿನಿಂದ ಸೋಮವಾರ ಕೊಡ್ತಿದ್ದೀವಿ. ಕಾಲೇಜಿನ ಹೆಸರು ಬದಲಿಸಿ ನೀವೂ ಬಳಸಿ. ನಿಮ್ಮಲ್ಲಿ ಈಗಾಗಲೇ ಸ್ಯಾಂಡಲ್ ಬಿಡ್ತಾರಾದ್ರೆ ಕಾಮೆಂಟಲ್ಲಿ ಹೇಳಿ, ಪತ್ರಕ್ಕೆ ಉದಾಹರಣೆ ಬೇಕು.

#ಕಾಲಿನಕಥೆ #ಮಳೆಗಾಲ #ಒದ್ದೆಸಾಕ್ಸ್