ಮೇಷ್ಟ್ರು ಮೊದಲು ಕಲಿಯಬೇಕಾದ ಮಾತು
ಜಪಾನ್ ಸರ್ಕಾರ 1987ರಿಂದ ಜೆಟ್ ಯೋಜನೆಯಡಿ ಹೊರದೇಶದ ಯುವಜನರನ್ನು ಇಂಗ್ಲಿಷ್ ಸಹಾಯಕ ಶಿಕ್ಷಕರಾಗಿ ಕರೆಸಿಕೊಳ್ಳುತ್ತಿದೆ. ಅವರಿಗೆ ಜಪಾನೀ ಭಾಷೆ ಬರಲೇಬೇಕೆಂಬ ನಿಯಮವಿಲ್ಲ. ಇದು ಸರಿಯಲ್ಲ. ‘ಬಸ್’ ನಮ್ಮ ಮಕ್ಕಳ ಬಾಯಲ್ಲಿ ‘ಬಸ್ಸು’, ಅಲ್ಲಿಯ ಮಕ್ಕಳ ಬಾಯಲ್ಲಿ ‘ಬಸು’. ಪದವನ್ನು ಸ್ವರದಲ್ಲಿ ಮುಗಿಸುವುದು ಎರಡೂ ನುಡಿಗಳ ರೂಢಿ. ಇದನ್ನರಿಯದ ಶಿಕ್ಷಕರಿಗೆ ಅದು ಬರೀ ತಪ್ಪಾಗಿ ಕೇಳುತ್ತದೆ. ಮೇಷ್ಟ್ರಿಗೆ ತಮ್ಮ ಭಾಷೆ ಬರದಿದ್ದರೇ ಮಕ್ಕಳು ಇಂಗ್ಲಿಷಿನಲ್ಲಿ ಬಾಯಿಬಿಡುತ್ತಾರೆ ಎನ್ನುವವರಿದ್ದಾರೆ. ಧೈರ್ಯವಿರುವ ನಾಲ್ಕು ಮಕ್ಕಳ ಮಟ್ಟಿಗೆ ಅದು ನಿಜ. ಹಿಂದಿನ ಬೆಂಚಿನವರು ತುಟಿ ಬಿಚ್ಚುವುದೇ ಇಲ್ಲ. ಮೊದಲು ಮಾತು ಕಲಿತವರ ಮಾದರಿ ನಮ್ಮಲ್ಲೇ ಇದೆ: 1853ರಲ್ಲಿ ಇಲ್ಲಿಗೆ ಬಂದ ಜರ್ಮನಿಯ ಕಿಟ್ಟೆಲ್ ಮೊದಲು ಕನ್ನಡ ಕಲಿತರು, 1894ರಲ್ಲಿ ನಮಗೇ ಕನ್ನಡ–ಇಂಗ್ಲಿಷ್ ನಿಘಂಟು ಕೊಟ್ಟರು. ಮನೆಯಲ್ಲಿ ಉರ್ದು, ತಮಿಳು ಆಡುವ ಮಕ್ಕಳೂ ಕೂರುವ, ಬೆಂಗಳೂರಿನ ಬೆನ್ಸನ್ ಟೌನ್ ಸುತ್ತಲಿನ ತರಗತಿಗಳಲ್ಲಿ ಇಂಗ್ಲಿಷ್ ಕಲಿಸುವವರೂ ದಯವಿಟ್ಟು ಆ ಮಕ್ಕಳ ಮಾತಿಗೆ ಕಿವಿಗೊಡಲಿ.