ಬಿಸಿಯದ್ದು ನೆರೆಮನೆಗೆ, ಉಳಿದದ್ದು ನಮಗೆ

2025ರ ಮಾರ್ಚ್ 30ರ ಭಾನುವಾರ ಯುಗಾದಿ, ಮರುದಿನ ಸೋಮವಾರ ನಮ್ಮ ಪೆರ್ನಾಲ್. ಅದರ ಹಿಂದಿನ ವರ್ಷವೂ ಹಾಗೆಯೇ. ಏಪ್ರಿಲ್ 9ಕ್ಕೆ ಯುಗಾದಿ, ಮರುದಿನ ಕರಾವಳಿಯಲ್ಲಿ ಪೆರ್ನಾಲ್. ಅಮಾವಾಸ್ಯೆ ಕಳೆದು ಬರುವ ಚಂದ್ರನೇ ಎರಡಕ್ಕೂ ಲೆಕ್ಕ. ನಾವು ಮದ್ರಸ ಕಲಿಸುವುದು ಕೆ.ಆರ್. ನಗರ ಸೀಮೆಯ ಚುಂಚನಕಟ್ಟೆಯ ಕಡೆ. ಊರು ಬಿಟ್ಟು ಬಂದ ನಮ್ಮಂಥ ಒಂದೆರಡು ಬ್ಯಾರಿ ಸಂಸಾರ ಬಿಟ್ಟರೆ ಸುತ್ತಲೂ ಕಾವೇರಿ ನಾಲೆಯ ನೀರಿನಲ್ಲಿ ಭತ್ತ, ಕಬ್ಬು ಬೆಳೆಯುವ ಗೌಡರ ಮನೆಗಳು.

ಪೆರ್ನಾಲ್ ನಮಾಝ್ ಮುಗಿಸಿ ಬರುವಷ್ಟರಲ್ಲಿ ಪಕ್ಕದ ಮನೆಯ ಅಜ್ಜಿ ಸ್ಟೀಲ್ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅದರಲ್ಲಿ ಒಬ್ಬಟ್ಟಿನ ಸಾರು. ಹಿಂದಿನ ದಿನ ಒಬ್ಬಟ್ಟಿಗೆ ಬೇಯಿಸಿದ ಬೇಳೆಯಿಂದ ಬಸಿದ ಕಟ್ಟು, ಅದಕ್ಕೆ ಒಂದು ಮುಷ್ಟಿ ಹೂರಣ, ರುಬ್ಬಿದ ಮಸಾಲೆ, ಹುಣಸೆ ಹುಳಿ. "ನೆನ್ನೆಗಿಂತ ಇವತ್ತೇ ಇದು ರುಚಿ ಕಣವ್ವ, ಈಗ ತಾನೆ ಕುದಿಸಿ ತಂದಿವ್ನಿ" ಎಂದು ನಮ್ಮ ಮನೆಯವರ ಕೈಗೆ ಕೊಟ್ಟರು. ನಾವು ಬಿರಿಯಾನಿ ಕೊಡಲು ಹೋದರೆ "ಸೋಮವಾರ ನಮ್ಮಲ್ಲಿ ಬಾಡು ಇಲ್ಲ ಸಾಯ್ಬ್ರೆ, ಹೊಸತೊಡಕು ನಾಳಿಕೆ" ಎಂದರು. ಸೇಮಿಗೆ ಪಾಯಸ ಒಯ್ದರು.

ಅಜ್ಜಿ ತಂದದ್ದು ಒಂದು ಲೆಕ್ಕದಲ್ಲಿ ಮಿಕ್ಕಿದ್ದೇ. ಆದರೆ ಅವರು ಮನೆಯಲ್ಲಿ ತಾವು ಉಣ್ಣುವ ಪಾತ್ರೆಯಿಂದಲೇ ತೆಗೆದು, ಕುದಿಸಿ ತಂದರು. ನಾವು ಒಂದು ಸಲ ಕೊಟ್ಟದ್ದು ಹಾಗಿರಲಿಲ್ಲ. ಅದನ್ನು ಇಲ್ಲಿ ಹೇಳಿಬಿಡುವುದೇ ಸರಿ.

ಕೆಲವು ವರ್ಷದ ಹಿಂದಿನ ಮಾತು. ಮೀಲಾದ್ ಕಾರ್ಯಕ್ರಮಕ್ಕೆ ತುಪ್ಪದನ್ನ, ಮಾಂಸದ ಸಾರು ಮಾಡಿಸಿದ್ದೆವು. ಮಳೆ ಬಂತು, ಜನ ಅರ್ಧಕ್ಕರ್ಧ ಬರಲಿಲ್ಲ. ಇಶಾ ನಮಾಝ್ ಕಳೆದು ಎಲ್ಲರೂ ಉಂಡ ಮೇಲೂ ದೊಡ್ಡ ಪಾತ್ರೆಯಲ್ಲಿ ಅರ್ಧ ಅನ್ನ ಹಾಗೇ ಇತ್ತು. ರಾತ್ರಿಯೇ ಹಂಚಬಹುದಿತ್ತು. "ಈಗ ಯಾರು ಹೋಗ್ತಾರೆ, ಬೆಳಿಗ್ಗೆ ಕಬ್ಬು ಕಡಿಯುವವರ ಗುಡಿಸಲಿಗೆ ಕೊಟ್ಟರಾಯಿತು" ಎಂದು ಮುಚ್ಚಳ ಹಾಕಿ ಮೇಲೆ ಗೋಣಿ ಹೊದಿಸಿ ಮಲಗಿದೆವು. ಸುಬ್‌ಹಿ ಮುಗಿಸಿ ತೆರೆದರೆ ಅನ್ನದ ನಡುವೆ ಇನ್ನೂ ಬೆಚ್ಚಗಿತ್ತು, ಹಳಸಿದ ವಾಸನೆ ಏನೂ ಇಲ್ಲ. ನಮಗೆ ಖುಷಿಯೇ ಆಯಿತು. ಮಧ್ಯಾಹ್ನದ ಹೊತ್ತಿಗೆ ಗುಡಿಸಲಿನ ಮೂರು ಮಕ್ಕಳಿಗೆ ವಾಂತಿ ಶುರುವಾಗಿತ್ತು. ಆಸ್ಪತ್ರೆಗೆ ಕರೆದುಕೊಂಡು ಓಡಿದೆವು. ಅಲ್ಲಾಹನ ದಯೆ, ಸಂಜೆಗೆ ಮೂವರೂ ಸುಧಾರಿಸಿದರು. ಒಬ್ಬ ಮಗುವಿನ ತಾಯಿ ಬೈಯಲಿಲ್ಲ, ಕೂಗಾಡಲಿಲ್ಲ. "ನೀವೂ ಬೆಳಿಗ್ಗೆ ಇದನ್ನೇ ಉಂಡ್ರಾ ಸಾಯ್ಬ್ರೆ?" ಎಂದಷ್ಟೇ ಕೇಳಿದರು.

ನಾವು ಅಂದು ಬೆಳಿಗ್ಗೆ ಉಂಡದ್ದು ಬಿಸಿ ಪತ್ತಿರ್ ಮತ್ತು ಚಹಾ.

ಆಗಿದ್ದೇನು ಎಂದು ಆಮೇಲೆ ವೈದ್ಯರು ಬಿಡಿಸಿ ಹೇಳಿದರು. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣುವಿನ ಬೀಜ ಇರುತ್ತದೆ. ಕುದಿಸಿದರೂ ಅದು ಸಾಯುವುದಿಲ್ಲ. ಅನ್ನ ಬಹಳ ಹೊತ್ತು ಉಗುರುಬೆಚ್ಚಗೆ ಉಳಿದರೆ ಅದು ಬೆಳೆದು ವಿಷ ಬಿಡುತ್ತದೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಮೂಗಿಗೆ ಗೊತ್ತಾಗುವ ಮೊದಲೇ ಅನ್ನ ಕೆಟ್ಟಿರಬಹುದು. ಆಳವಾದ ಪಾತ್ರೆ, ಬಿಗಿಯಾದ ಮುಚ್ಚಳ, ಮೇಲೆ ಗೋಣಿ ಎಂದರೆ ಸೂಕ್ಷ್ಮಾಣುವಿಗೆ ನಾವೇ ತೊಟ್ಟಿಲು ಕಟ್ಟಿಕೊಟ್ಟ ಹಾಗೆ. ದಮ್ ಕಟ್ಟುವುದು ಉಣ್ಣುವವರೆಗೆ ಸರಿ. ಉಂಡ ಮೇಲೆ ಉಳಿದದ್ದನ್ನು ಕೂಡಲೇ ಅಗಲ ಹರಿವಾಣಗಳಿಗೆ ತೆಳ್ಳಗೆ ಹರಡಿ ಆರಿಸಬೇಕು, ಎರಡು ಗಂಟೆಯೊಳಗೆ ಫ್ರಿಜ್‌ಗೆ ಹೋಗಬೇಕು, ಇಲ್ಲವೇ ಆ ರಾತ್ರಿಯೇ ಯಾರದಾದರೂ ಹೊಟ್ಟೆಗೆ ಹೋಗಬೇಕು. ಮರುದಿನ ಉಣ್ಣುವಾಗ ಹೊಗೆಯಾಡುವಷ್ಟು ಬಿಸಿ ಮಾಡಬೇಕು, ಅದೂ ಒಂದೇ ಸಲ.

ಇದು ವೈದ್ಯರ ಮಾತಾಯಿತು. ನಮ್ಮ ಸ್ವಂತ ಪಾಠವನ್ನೇ ನಾವು ಮರೆತದ್ದು ಇನ್ನೂ ದೊಡ್ಡ ತಪ್ಪು. ಕಣ್ಣು ಮುಚ್ಚಿಕೊಂಡಲ್ಲದೆ ನೀವೇ ಸ್ವೀಕರಿಸದಂಥ ಕೀಳು ವಸ್ತುವನ್ನು ದಾನಕ್ಕೆ ಆರಿಸಬೇಡಿ ಎಂಬ ತಾಕೀತು ಸೂರಃ ಅಲ್‌ಬಕರದಲ್ಲೇ ಇದೆ. ಫಿತ್ರ್ ಝಕಾತ್‌ನ ಪಾಠ ಬಂದಾಗ, ಊರಿನ ಜನ ಉಣ್ಣುವ ಧಾನ್ಯವನ್ನೇ ಕೊಡಬೇಕು, ಹುಳ ಹಿಡಿದ ಅಕ್ಕಿ ನಮ್ಮ ಶಾಫಿಈ ಮದ್‌ಹಬ್‌ನಲ್ಲಿ ಸಲ್ಲದು ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸುವವರು ನಾವು. ಒಣ ಅಕ್ಕಿಗೆ ಇಷ್ಟು ಕಟ್ಟುನಿಟ್ಟು. ಬೆಂದ ಅನ್ನದ ಮಾತು ಬಂದಾಗ ಮಾತ್ರ "ಬಿಸಾಡುವ ಬದಲು ಬಡವರಿಗೆ ಕೊಡಿ" ಎನ್ನುತ್ತೇವೆ. ಈ ಮಾತಿನಲ್ಲಿ ಬಡವನ ಹೊಟ್ಟೆಗೂ ಕಸದ ಬುಟ್ಟಿಗೂ ನಡುವೆ ಎಷ್ಟು ಅಂತರ ಉಳಿಯಿತು ಹೇಳಿ.

ಉಳಿಯುವುದೇ ಬೇಡ ಎಂದು ನಾವು ಹೇಳುತ್ತಿಲ್ಲ. ಹಬ್ಬದ ಮನೆಯಲ್ಲಿ ಒಂದಿಷ್ಟು ಉಳಿಯಬೇಕು, ತಡವಾಗಿ ಬಂದ ನೆಂಟರಿಗೆ ಬೇಕಲ್ಲ. ಆದರೆ ಎಷ್ಟು ಉಳಿಯುತ್ತದೆ ಎನ್ನುವುದು ತೀರ್ಮಾನ ಆಗುವುದು ಅಕ್ಕಿ ಅಳೆಯುವಾಗಲೇ. ಅಡುಗೆಯವರು ಒಂದು ಕೆ.ಜಿ. ಬಿರಿಯಾನಿ ಅಕ್ಕಿಗೆ ಎಂಟು ಹತ್ತು ಜನ ಎಂದು ಲೆಕ್ಕ ಹಾಕುತ್ತಾರೆ. ಅದೇ ಸುಫ್ರದಲ್ಲಿ ಪಿಂಡಿ, ಪತ್ತಿರ್, ಕೋಳಿ ಸುಕ್ಕಾ, ಮೇಲೆ ಪಾಯಸ ಎಲ್ಲ ಇದ್ದಾಗಲೂ ಅದೇ ಲೆಕ್ಕ ಹಾಕಿದರೆ ಉಳಿಯದೆ ಏನಾಗುತ್ತದೆ? ಮದುವೆ, ನಿಶ್ಚಿತಾರ್ಥದಲ್ಲಿ ಸಾಲದೆ ಬಂದರೆ ಮರ್ಯಾದೆ ಹೋಗುತ್ತದೆ ಎಂಬ ಭಯ ಬೇರೆ. ವಿಶ್ವಸಂಸ್ಥೆಯ 2024ರ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ ವ್ಯರ್ಥವಾದ ಆಹಾರ ಸುಮಾರು 105 ಕೋಟಿ ಟನ್. ಅದರಲ್ಲಿ ನೂರಕ್ಕೆ ಅರವತ್ತು ಪಾಲು ಹೋಟೆಲಿನದಲ್ಲ, ಅಂಗಡಿಯದಲ್ಲ, ಮನೆಗಳದ್ದು.

ನಮ್ಮ ಉಮ್ಮಂದಿರಿಗೆ ಇದನ್ನೆಲ್ಲ ಕಲಿಸಬೇಕಾಗಿರಲಿಲ್ಲ. ಉಳಿದ ಪಿಂಡಿಯನ್ನು ಬೆಳಿಗ್ಗೆ ಪುಡಿ ಮಾಡಿ ಸಾಸಿವೆ, ಕರಿಬೇವು, ಈರುಳ್ಳಿ ಒಗ್ಗರಣೆ ಕೊಟ್ಟರೆ ತಿಂಡಿ ಆಯಿತು. ಗಟ್ಟಿಯಾದ ಪತ್ತಿರ್ ಹರಿದು ಬಿಸಿ ಕೋಳಿ ಸಾರಿನಲ್ಲಿ ನೆನೆಸಿದರೆ ಮಕ್ಕಳು ಹೊಡೆದಾಡಿ ತಿನ್ನುತ್ತಿದ್ದರು. ಮೀನಿನ ಸಾರು ಮರುದಿನ ಬತ್ತಿಸಿ ಗಂಜಿಗೆ ನೆಂಚಿಕೊಂಡದ್ದರ ರುಚಿ ಈಗಲೂ ನಾಲಗೆಯಲ್ಲಿದೆ. ತೆಂಗಿನ ಹಾಲು ಬಿದ್ದ ಸಾರು ಬೇಗ ಹುಳಿ ಬರುತ್ತದೆ ಎಂದು ಅವರಿಗೆ ಗೊತ್ತಿತ್ತು. ಅದಕ್ಕೆ ಮಸಾಲೆಯಲ್ಲಿ ಬೆಂದ ಮಾಂಸವನ್ನು ತೆಂಗು ಹಾಕದೆ ಬೇರೆ ಎತ್ತಿಟ್ಟು, ಆ ಹೊತ್ತಿಗೆ ಉಣ್ಣುವಷ್ಟಕ್ಕೆ ಮಾತ್ರ ಹಾಲು ಹಿಂಡುತ್ತಿದ್ದರು. ಇವತ್ತಿನ ಅಡುಗೆ ಮನೆಗೂ ಇದೊಂದು ಉಪಾಯ ಸಾಕು, ಅರ್ಧ ನಷ್ಟ ತಪ್ಪುತ್ತದೆ.

ಈ ಕಡೆಯವರೂ ಕಡಿಮೆಯವರಲ್ಲ. ಜನವರಿಯಲ್ಲಿ ಸಂಕ್ರಾಂತಿಯ ಸುಮಾರಿಗೆ ಚುಂಚನಕಟ್ಟೆಯ ಜಾನುವಾರು ಜಾತ್ರೆ. ಎತ್ತು ಕಟ್ಟಿಕೊಂಡು ಬಂದ ರೈತರು ಅಲ್ಲೇ ಒಲೆ ಹೂಡಿ ಮುದ್ದೆ ತೊಳಸುತ್ತಾರೆ. ರಾತ್ರಿ ಮಿಕ್ಕ ಮುದ್ದೆ ಬೆಳಿಗ್ಗೆ ಮಜ್ಜಿಗೆಯಲ್ಲಿ ಕಿವುಚಿ, ಹಸಿ ಈರುಳ್ಳಿ ಕಚ್ಚಿಕೊಂಡು ಕುಡಿಯುತ್ತಾರೆ. ಮನೆಗಳಲ್ಲಿ ತಂಗಳನ್ನವನ್ನು ಅಕ್ಕಿ ಹಿಟ್ಟಿಗೆ ಸೇರಿಸಿ ನಾದಿ ರೊಟ್ಟಿ ತಟ್ಟುತ್ತಾರೆ. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ ಕಲಗಚ್ಚಿನ ಬಾನಿಗೆ ಹೋಗುತ್ತದೆ, ಅಲ್ಲಿಂದ ಎಮ್ಮೆಗೆ. ನಮ್ಮ ಬಾಡಿಗೆ ಮನೆಯಲ್ಲಿ ಎಮ್ಮೆ ಇಲ್ಲ, ಹಾಗಾಗಿ ಅಜ್ಜಿಯ ಬಾನಿಗೇ ನಮ್ಮದೂ ಹೋಗುತ್ತದೆ. ಮಾಂಸದ ಎಂಜಲು ಅದಕ್ಕೆ ಬೀಳದಂತೆ ನೋಡಿಕೊಳ್ಳಿ ಎಂದು ಮೊದಲ ದಿನವೇ ಹೇಳಿದ್ದರು.

ಈಗ ಮುಖ್ಯ ವಿಷಯ. ಬಕ್ರೀದ್‌ಗೆ ಇನ್ನು ಎರಡು ವಾರವೂ ಇಲ್ಲ. ಆ ಹಬ್ಬದ ಬೆನ್ನಿಗೆ ಬರುವ ಮೂರು ದಿನಗಳಿಗೆ ತಶ್ರೀಕ್ ಎಂಬ ಹೆಸರು ಬಂದದ್ದೇ ಮಾಂಸವನ್ನು ಸೀಳಿ ಬಿಸಿಲಿಗೆ ಒಣಹಾಕುವುದರಿಂದ ಎಂದು ವಿದ್ವಾಂಸರು ವಿವರಿಸುತ್ತಾರೆ. ಎತ್ತಿಟ್ಟುಕೊಂಡು ಉಣ್ಣುವುದು ಅಂದೂ ಇತ್ತು. ಆದರೆ ಒಂದು ವರ್ಷ ಮದೀನಾಕ್ಕೆ ಹಸಿದ ಬಡ ಜನ ಬಂದಾಗ, ಉಳುಹಿಯ್ಯತ್‌ನ ಮಾಂಸ ಮೂರು ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳಬಾರದು ಎಂದು ಪ್ರವಾದಿವರ್ಯರು (ಸ) ತಡೆದರು. ಮುಂದಿನ ವರ್ಷ ಕಷ್ಟ ಕಳೆದ ಮೇಲೆ, ತಿನ್ನಿ, ಕೊಡಿ, ಕೂಡಿಡಿ ಎಂದು ಅನುಮತಿ ಕೊಟ್ಟರು. ಮಾಂಸ ಅದೇ, ಹಬ್ಬ ಅದೇ. ಪಕ್ಕದಲ್ಲಿ ಹಸಿದವರಿದ್ದಾರೋ ಇಲ್ಲವೋ ಎಂಬುದರ ಮೇಲೆ ವಿಧಿಯೇ ಬದಲಾಯಿತು.

ನಮ್ಮ ಮದ್‌ಹಬ್‌ನಲ್ಲಿ ಇನ್ನೊಂದು ಮಾತಿದೆ, ಎಷ್ಟೋ ಮನೆಯವರು ಮರೆಯುವಂಥದ್ದು. ಸುನ್ನತ್ ಆದ ಉಳುಹಿಯ್ಯತ್‌ನಲ್ಲಿ ಬಡವರಿಗೆ ಸಲ್ಲಲೇಬೇಕಾದ ಪಾಲನ್ನು ಹಸಿ ಮಾಂಸವಾಗಿಯೇ ಕೊಡಬೇಕು. ಬೇಯಿಸಿ ಕರೆದು ಉಣಿಸಿದರೆ ಆ ಪಾಲು ಸಂದಂತಾಗುವುದಿಲ್ಲ. ಬೇಯಿಸುವುದೋ, ಒಣಗಿಸುವುದೋ, ಮಾರುವುದೋ, ಅದು ಪಡೆದವನ ಇಷ್ಟ. ಹರಕೆಯದ್ದಾದರೆ ಕೊಟ್ಟವರ ಮನೆಗೆ ಒಂದು ತುಂಡೂ ಇಲ್ಲ, ಅಷ್ಟೂ ಬಡವರದ್ದೇ.

ಹೀಗಿದ್ದೂ ನಮ್ಮಲ್ಲಿ ಆಗುತ್ತಿರುವುದೇನು? ಫ್ರೀಝರ್ ದೊಡ್ಡದಾದ ಹಾಗೆ ಹಂಚುವ ಪೊಟ್ಟಣ ಚಿಕ್ಕದಾಗಿದೆ. ತೊಡೆ, ಕೈ ಒಳಗೆ ಹೋಗುತ್ತದೆ, ಪೊಟ್ಟಣದಲ್ಲಿ ಮೂಳೆ, ಕೊಬ್ಬು. ಅದೂ ಅಸರ್ ಕಳೆದ ಮೇಲೆ, ಮನೆಯಲ್ಲಿ ಎಲ್ಲರ ಊಟ ಮುಗಿದ ಮೇಲೆ ಹೊರಡುತ್ತದೆ. ಫ್ರಿಜ್ ಇಲ್ಲದ ಮನೆಗೆ, ಒಲೆ ಹಚ್ಚಲು ಸೌದೆ ಹೊಂದಿಸಿಕೊಳ್ಳಬೇಕಾದವರಿಗೆ ಇಳಿಹೊತ್ತಿನಲ್ಲಿ ಮಾಂಸ ಸಿಕ್ಕಿದರೆ ಅವರು ಅದನ್ನು ಏನು ಮಾಡಬೇಕು?

ಜಮಾಅತ್‌ನವರಲ್ಲಿ ನಮ್ಮ ವಿನಂತಿ ಇಷ್ಟೇ. ಈ ಶುಕ್ರವಾರವೇ ಮಸೀದಿಯಲ್ಲಿ ಹೇಳಿ, ಹಂಚುವ ಪಾಲು ಝುಹ್‌ರ್‌ಗೆ ಮುಂಚೆ ಮನೆ ಬಿಡಲಿ. ಮನೆಯ ಪಾಲು ಆಮೇಲೆ ತುಂಡಾಗಲಿ, ಕಾಯುವಷ್ಟು ಹೊತ್ತು ನಮಗೇನೂ ಆಗದು. ಅಕ್ಕಂದಿರೇ, ಉಮ್ಮಂದಿರೇ, ನೀವೂ ಕೊಡುವ ಪಾತ್ರೆಯನ್ನು ಮೊದಲು ತುಂಬಿಸಿ, ಬಡಿಸುವ ತಟ್ಟೆ ಆಮೇಲೆ. ಸಾರಿಗೆ ನೀರು ಸ್ವಲ್ಪ ಹೆಚ್ಚು ಹಾಕಿ ನೆರೆಯವರನ್ನು ನೆನೆ ಎಂದು ಅಬೂದರ್‌ರಿಗೆ (ರ) ಹೇಳಿಕೊಟ್ಟದ್ದು ಅಡುಗೆ ಮಾಡುವಾಗಿನ ಮಾತು, ಮುಗಿದ ಮೇಲಿನದ್ದಲ್ಲ. ರಾತ್ರಿಗೆ ಉಳಿದದ್ದು ನಮ್ಮದು. ಅದನ್ನು ಹರಡಿ ಆರಿಸಿ, ಒಗ್ಗರಣೆ ಕೊಟ್ಟು, ಬತ್ತಿಸಿ ನಾವೇ ಉಣ್ಣೋಣ. ಗಂಡಸರು ಮರುದಿನ ಬೆಳಿಗ್ಗೆ "ನೆನ್ನೇದಾ?" ಎಂದು ಮುಖ ತಿರುಗಿಸಬಾರದು. ಹಬ್ಬದ ದಿನವೆಲ್ಲ ಒಲೆಯ ಮುಂದೆ ಬೆಂದವರು ಮರುದಿನ ಮತ್ತೆ ಮೊದಲಿಂದ ಅಡುಗೆ ಮಾಡುವುದೂ ಇದರಿಂದ ತಪ್ಪುತ್ತದೆ.

ಅಜ್ಜಿಯ ಸ್ಟೀಲ್ ಡಬ್ಬಿ ಇನ್ನೂ ನಮ್ಮ ಮನೆಯಲ್ಲೇ ಇದೆ, ಎರಡು ತಿಂಗಳಾಗುತ್ತಾ ಬಂತು. ಖಾಲಿ ಡಬ್ಬಿ ವಾಪಸ್ ಕೊಡುವ ರೂಢಿ ಇಲ್ಲಿಯೂ ಇಲ್ಲ, ನಮ್ಮಲ್ಲಿಯೂ ಇಲ್ಲ. ಬಕ್ರೀದ್ ಬೆಳಿಗ್ಗೆ ಎಣ್ಣೆಯಿಂದ ತೆಗೆಯುವ ಮೊದಲ ನೈಯಪ್ಪ ಅದರಲ್ಲಿ ಹೋಗುತ್ತದೆ ಎಂದು ಮನೆಯವರು ಈಗಲೇ ಹೇಳಿಟ್ಟಿದ್ದಾರೆ.